ಕಿಟಕಿಯ ಕೆಳಗೆ ಒಂದು ಸುತ್ತು

ಶೆಡ್ಡಿನ ಬಾಗಿಲಿಗೆ ಒತ್ತಿ ಬಿದ್ದಿದ್ದ ಹಿಮವನ್ನು ಅರ್ಲೀನ್ ಸಲಿಕೆಯಲ್ಲಿ ಎತ್ತಿ ಎತ್ತಿ ಪಕ್ಕಕ್ಕೆ ಹಾಕುತ್ತಿದ್ದಳು. ಒಳಗೆ ಚರ್ಚಿಗೆಂದು ತೊಟ್ಟ ಕಪ್ಪು ಉಡುಪು, ಅದರ ಮೇಲೆ ಗಂಡನ ಹಳೇ ಕೋಟು, ಕಾಲಿಗೂ ಅವನದೇ ಬೂಟು. ಸ್ವಲ್ಪ ಹೊತ್ತು ಎತ್ತಿದರೆ ಸ್ವಲ್ಪ ಹೊತ್ತು ನಿಂತು ಸಲಿಕೆಯ ಹಿಡಿಗೆ ಗದ್ದ ಊರಬೇಕಾಗುತ್ತಿತ್ತು. ರಾತ್ರಿಯೆಲ್ಲ ಬಿದ್ದದ್ದು ಸಾಲದೇನೋ ಎನ್ನುವಂತೆ ಈಗಲೂ ಬೀಳುತ್ತಲೇ ಇತ್ತು. ತೆಗೆದ ಜಾಗ ನೋಡನೋಡುತ್ತ ಮತ್ತೆ ಬೆಳ್ಳಗಾಗುತ್ತಿತ್ತು.

"ಅಮ್ಮಾ! ಏನ್ ಮಾಡ್ತಿದೀಯ ಅಲ್ಲಿ?" ಅಡುಗೆಮನೆಯ ಬಾಗಿಲಲ್ಲಿ ಮಗಳು ಗ್ವೆನ್ ನಿಂತಿದ್ದಳು. ಒಂದು ಕಿವಿಗೆ ಓಲೆ ಇತ್ತು, ಇನ್ನೊಂದು ಕೈಯಲ್ಲಿತ್ತು. "ಅಪ್ಪನ್ನ ಚರ್ಚಿಗೆ ತರೋ ಹೊತ್ತಾಯ್ತು. ನೀನು ನೋಡಿದ್ರೆ ಇಲ್ಲಿ ಬೆವರು ಸುರಿಸ್ತಿದೀಯ."

"ಆ ಮನುಷ್ಯ ಬರ್ತಾನಲ್ಲ, ಟ್ರ್ಯಾಕ್ಟರ್ ತಗೊಳ್ಳೋಕೆ. ಬಾಗಿಲೇ ತೆಗೀದಿದ್ರೆ ಹೆಂಗೆ ತಗೊಂಡ್ಹೋಗ್ತಾನೆ?"

"ಅವನು ಬರೋದು ಸಾಯಂಕಾಲ!"

"ಸಾಯಂಕಾಲ ನನ್ ಕೈಲಾಗಲ್ಲ."

ಗ್ವೆನ್ ಮೆಟ್ಟಿಲ ಮೇಲೆ ಒಂದು ಹೆಜ್ಜೆ ಇಟ್ಟು, ಕಾಲಲ್ಲಿದ್ದ ತೆಳು ಚಪ್ಪಲಿ ನೋಡಿಕೊಂಡು ಹಿಂದೆ ಸರಿದಳು. "ಇವತ್ತೇ ಆಗಬೇಕಿತ್ತಾ ಅಮ್ಮ? ಮುಂದಿನ ವಾರ ಬಾ ಅಂದಿದ್ರೆ ಬರ್ತಿರಲಿಲ್ವಾ ಅವನು?"

"ಮನೆಯಿಂದ ಹೋಗೋದೆಲ್ಲ ಒಂದೇ ದಿನ ಹೋಗ್ಲಿ" ಎಂದಳು ಅರ್ಲೀನ್.

ಆ ಮನುಷ್ಯನ ಹೆಸರು ಲಾಯ್ಡ್. ಇಂಥ ಹಳೆಯ ಬ್ಯಾಟರಿ ಟ್ರ್ಯಾಕ್ಟರನ್ನು ಹುಡುಕುತ್ತಿದ್ದವನು. ಹೋದ ಬೇಸಿಗೆಯಲ್ಲಿ ರಸ್ತೆಯಿಂದಲೇ ಇದನ್ನು ನೋಡಿ, ಕಾರು ನಿಲ್ಲಿಸಿ ಬಂದು ಕೇಳಿದ್ದ. "ನಾನಿರೋವರೆಗೂ ಇಲ್ಲ" ಎಂದಿದ್ದ ಅವಳ ಗಂಡ ಹೋಬರ್ಟ್. ಈ ವಾರ ಸುಮ್ಮನೆ ವಿಚಾರಿಸೋಣವೆಂದು ಲಾಯ್ಡ್ ಮತ್ತೆ ಫೋನ್ ಮಾಡಿದಾಗ ಹೋಬರ್ಟ್ ತೀರಿಹೋಗಿ ಒಂದು ದಿನವಾಗಿತ್ತು. ಫೋನ್ ಎತ್ತಿದ ಅರ್ಲೀನ್, "ಶನಿವಾರ ಬಂದು ತಗೊಂಡ್ಹೋಗಿ" ಎಂದಷ್ಟೇ ಹೇಳಿ ಇಟ್ಟಿದ್ದಳು.

ಬಾಗಿಲು ಕೊನೆಗೂ ಕಿರುಗುಟ್ಟುತ್ತ ತೆರೆದುಕೊಂಡಿತು. ಒಳಗೆ ಅದು ಇತ್ತು. ಬಣ್ಣ ಮಾಸಿದ ಚೌಕು ಮೂತಿ, ಅದರಲ್ಲೊಂದು ದೀಪ, ಮುಂದೆ ಹಿಮ ತಳ್ಳುವ ಅಗಲವಾದ ಹಲಗೆ, ಹಿಂದಿನ ಚಕ್ರಗಳಿಗೆ ಸರಪಳಿ. ಎಂಜಿನ್ ಇರಬೇಕಾದ ಜಾಗದಲ್ಲಿ ಬರೀ ಬ್ಯಾಟರಿಗಳು. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಅಲಗಿನ ತಟ್ಟೆ ಗೋಡೆಗೆ ಒರಗಿತ್ತು. ಗೋಡೆಯ ಪ್ಲಗ್ಗಿನಿಂದ ಹೊರಟ ಕಪ್ಪು ವೈರು ಟ್ರ್ಯಾಕ್ಟರಿನ ಹೊಟ್ಟೆಯೊಳಗೆ ಹೋಗಿತ್ತು. ಅವಳು ಅದನ್ನು ಮುಟ್ಟಲಿಲ್ಲ.

ಅಷ್ಟರಲ್ಲಿ ಬೀದಿಯ ಕಡೆಯಿಂದ ಗುಡುಗಿದಂತಾಯಿತು. ಪಕ್ಕದ ಮನೆಯ ರಸ್ ತನ್ನ ಪೆಟ್ರೋಲ್ ಯಂತ್ರವನ್ನು ತಳ್ಳಿಕೊಂಡು, ಮನೆ ಮುಂದಿನ ದಾರಿಯ ಹಿಮವನ್ನು ಆಕಾಶಕ್ಕೆ ಹಾರಿಸುತ್ತ ಬಂದ. ಅವಳನ್ನು ಕಂಡವನೇ ಯಂತ್ರ ನಿಲ್ಲಿಸಿ ಕಿವಿಯ ಮುಚ್ಚಳ ತೆಗೆದ.

"ಕ್ಷಮಿಸಿ ಅರ್ಲೀನ್, ಇವತ್ತು ಈ ಗಲಾಟೆ ಬೇಡ ಅಂತಲೇ ಇದ್ದೆ. ಆದ್ರೆ ಕಾರು ಆಚೆ ಬರಬೇಕಲ್ಲ. ಹೋಬರ್ಟ್ ಇದ್ದಿದ್ರೆ, ಏನಯ್ಯಾ ರಸ್, ವಿಮಾನ ಎಲ್ಲಿ ಇಳಿಸ್ತೀಯ ಅಂತಿದ್ದ."

"ಅವನು ಅಷ್ಟುದ್ದ ಮಾತಾಡ್ತಿದ್ನಾ?"

ರಸ್ ಯೋಚಿಸಿದ. ಅವನ ಮೀಸೆಯ ಮೇಲೆ ಹಿಮ ಕೂತಿತ್ತು. "ಇಲ್ಲ ಬಿಡಿ. ಸುಮ್ನೆ ನೋಡ್ತಿದ್ದ. ಆ ನೋಟಕ್ಕೆ ಅರ್ಥ ನಾನೇ ಹಚ್ಕೊಂಡಿದ್ದು."

*

ಹಿಂದಿನ ಸಂಜೆ ಪಾಸ್ಟರ್ ಮಿರಿಯಮ್ ಫೋನ್ ಮಾಡಿದ್ದರು. ಊರಿಗೆ ಹೊಸಬರು, ಹೋಬರ್ಟನನ್ನು ಕಂಡದ್ದು ಕಡಿಮೆ. "ಅವರು ಹೇಳಿದ ಮಾತು ಯಾವುದಾದ್ರೂ ಒಂದು ಕೊಡಿ ಅರ್ಲೀನ್. ಒಂದೇ ಸಾಕು. ಅದನ್ನ ಹಿಡ್ಕೊಂಡು ನಾನು ಮಾತಾಡ್ತೀನಿ."

ಅರ್ಲೀನ್ ನೆನಪನ್ನೆಲ್ಲ ತಡಕಾಡಿದಳು. ಜೀವನವಿಡೀ ಒಂದೇ ಸೂರಿನ ಕೆಳಗಿದ್ದ ಗಂಡ. ಅವನಾಡಿದ್ದೆಂದು ಹೇಳಲು ಒಂದು ಮಾತು ಬೇಕಿತ್ತು. ಉಪ್ಪು ಕೊಡು, ಬಸ್ ಹೊರಡಿಸಬೇಕು, ನಾಳೆ ಮತ್ತೆ ಬೀಳತ್ತಂತೆ. ಇಂಥವೇ ಸಿಕ್ಕವು. ಕೊನೆಯ ಮಾತೂ ಇತ್ತು, ಆದರೆ ಅದನ್ನು ಹೇಳಲು ನಾಚಿಕೆಯಾಯಿತು.

ಆಸ್ಪತ್ರೆಯಲ್ಲಿ ಮೂಗಿಗೆ, ಎದೆಗೆ, ಕೈಗೆಲ್ಲ ಕೊಳವೆ, ತಂತಿ. ಹೋಬರ್ಟ್ ಕಣ್ಣು ತೆರೆದು, ಅವಳನ್ನು ಹುಡುಕಿ, ಕಷ್ಟಪಟ್ಟು ಹೇಳಿದ್ದ: "ವೈರ್ ತೆಗೀಬೇಡ."

ನರ್ಸಿನ ಕಣ್ಣು ತುಂಬಿಬಂತು. ಅವನ ಕೈ ಹಿಡಿದು, "ಯಾರೂ ತೆಗೆಯಲ್ಲ ಮಿಸ್ಟರ್ ಟೆಫ್ಟ್, ನೀವು ಹೇಳೋವರೆಗೂ ಯಾರೂ ತೆಗೆಯಲ್ಲ" ಎಂದಳು. ಹೋಗಿ ಡಾಕ್ಟರಿಗೂ ಹೇಳಿಬಂದಳು. ಹೋಬರ್ಟ್ ಬೇಸರದಿಂದ ಅಡ್ಡಡ್ಡ ತಲೆ ಆಡಿಸಿದ. "ಶೆಡ್ಡಿಂದು" ಎಂದ.

ಚಳಿಗಾಲದಲ್ಲಿ ಬ್ಯಾಟರಿ ಖಾಲಿ ಬಿಟ್ಟರೆ ಹೆಪ್ಪುಗಟ್ಟಿ ಒಡೆಯುತ್ತದೆ. ಅದು ಅವಳಿಗೂ ಗೊತ್ತಿತ್ತು. ಆದರೂ ಅದನ್ನು ಕೇಳಿಸಿಕೊಂಡ ಮೇಲೆ, ಆಸ್ಪತ್ರೆಯ ಕುರ್ಚಿಯಲ್ಲಿ ಕೂತು, ಅವಳಿಗೆ ಅಳು ಬರುವ ಬದಲು ದಣಿವು ಬಂದಿತ್ತು.

ಆ ಗಾಡಿ ಮನೆಗೆ ಬಂದ ದಿನವೂ ಹೀಗೇ. ಅವಳಾಗ ಜಿಲ್ಲೆಯ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಳು. ಬೆಳಿಗ್ಗೆ ಬಂದು ಮಲಗಿದರೆ ಮಧ್ಯಾಹ್ನ ಏಳುವುದು. ಹೋಬರ್ಟ್ ಶಾಲೆಯ ಬಸ್ಸಿನ ಡ್ರೈವರ್. ಬೆಳಗಿನ ಸುತ್ತು ಮುಗಿಸಿ ಮನೆಗೆ ಬಂದರೆ ಮಕ್ಕಳನ್ನು ವಾಪಸು ಬಿಡುವ ಹೊತ್ತಿನವರೆಗೆ ಬಿಡುವು. ಅವನು ಎದ್ದಿದ್ದಾಗ ಅವಳು ಮಲಗಿರುತ್ತಿದ್ದಳು, ಅವಳು ಎದ್ದಾಗ ಅವನು ಬಸ್ಸಿನಲ್ಲಿ. ಆ ವಸಂತದಲ್ಲಿ ಒಂದು ಬೆಳಿಗ್ಗೆ ಪಾಳಿ ಮುಗಿಸಿ ಬರುವಾಗ ತೂಕಡಿಸಿ, ಕಾರು ಹಳ್ಳದ ಪಕ್ಕದ ಚರಂಡಿಗೆ ಇಳಿದಿತ್ತು. ಹೋಬರ್ಟ್ ಬಂದು ಸರಪಳಿ ಕಟ್ಟಿ ಎಳೆದ. ಪೆಟ್ಟಾಯಿತೇ ಎಂದು ಕೇಳಲಿಲ್ಲ. ನಜ್ಜಾದ ಬಂಪರನ್ನು ನೋಡುತ್ತ ನಿಂತಿದ್ದ, ಅಷ್ಟೆ. ಅದಾಗಿ ಹೆಚ್ಚು ದಿನ ಕಳೆದಿರಲಿಲ್ಲ. ಎದ್ದು ಬಂದು ನೋಡಿದರೆ ಹುಲ್ಲು ಕತ್ತರಿಸುವ ಪೆಟ್ರೋಲ್ ಯಂತ್ರ ಮಾಯವಾಗಿತ್ತು. ಅದರ ಜಾಗದಲ್ಲಿ ಯಾರೋ ಬಳಸಿ ಬಿಟ್ಟ ಈ ಡಬ್ಬಿ.

"ನಮ್ಮದು ಕೆಟ್ಟುಹೋಗಿತ್ತಾ?"

"ಇಲ್ಲ."

"ಮತ್ತೆ?"

"ಇದು ಒಳ್ಳೇದು."

"ಏನ್ ಒಳ್ಳೇದು? ಗಾಲ್ಫ್ ಆಡೋರ ಗಾಡಿ ಇದ್ದ ಹಾಗಿದೆ! ಊರವರು ನಗ್ತಾರೆ."

ಅವನು ಭುಜ ಕುಣಿಸಿ ಬಸ್ಸಿಗೆ ಹೋದ. ಊರವರು ನಕ್ಕರು ಕೂಡ. ಆಮೇಲೆ ಅಡುಗೆಮನೆಯಲ್ಲಿ ಬ್ಯಾಟರಿಗೆ ಹಾಕುವ ನೀರಿನ ಕ್ಯಾನು, ಅವನ ಪ್ಯಾಂಟಿನಲ್ಲೆಲ್ಲ ಆಸಿಡ್ ಸುಟ್ಟ ತೂತು. ತೇಪೆ ಹಾಕುತ್ತ ಅವಳು ಅದನ್ನು ಬೈಯುತ್ತಿದ್ದಳು. ಸವತಿ ಎಂದೇ ಕರೆಯುತ್ತಿದ್ದಳು. ಅವನು ನಗುತ್ತಲೂ ಇರಲಿಲ್ಲ.

"ಏನೂ ನೆನಪಾಗ್ತಿಲ್ಲ ಪಾಸ್ಟರ್" ಎಂದು ಫೋನಿನಲ್ಲಿ ಹೇಳಿದ್ದಳು. "ಹಿಮ ತೆಗೀತಿದ್ದ ಅಂತ ಹೇಳಿ."

*

ಪಾಸ್ಟರ್ ಹಾಗೆಯೇ ಹೇಳಿದರು. ಹೋಬರ್ಟ್ ಟೆಫ್ಟ್ ಈ ಚರ್ಚಿನ ದಾರಿಯ ಹಿಮ ತೆಗೆಯುತ್ತಿದ್ದರು, ಬೇಸಿಗೆಯಲ್ಲಿ ಸ್ಮಶಾನದ ಹುಲ್ಲು ಕತ್ತರಿಸುತ್ತಿದ್ದರು, ಊರಿನ ಮಕ್ಕಳನ್ನು ಕ್ಷೇಮವಾಗಿ ಶಾಲೆಗೆ ಮುಟ್ಟಿಸುತ್ತಿದ್ದರು. ಒಳ್ಳೆಯ ಮಾತುಗಳೇ. ಆದರೆ ಯಾವ ಮನುಷ್ಯನಿಗಾದರೂ ಹೊಂದುವ ಕೋಟಿನಂತಿದ್ದವು. ಮುಂದಿನ ಸಾಲಿನಲ್ಲಿ ಅರ್ಲೀನ್ ತನ್ನ ಕೈಗವಸಿನ ಹೊಲಿಗೆಯನ್ನು ಬೆರಳಿನಿಂದ ಎಣಿಸಿದಂತೆ ಮುಟ್ಟುತ್ತ ಕೂತಿದ್ದಳು. ತಪ್ಪು ತನ್ನದೇ ಎನಿಸುತ್ತಿತ್ತು. ಕೇಳಿದಾಗ ಕೊಡಲು ಏನೂ ಇರಲಿಲ್ಲ.

ಈ ಸೀಮೆಯಲ್ಲಿ ಚಳಿಗಾಲ ನೆಲ ಅಗೆಯಲು ಬಿಡುವುದಿಲ್ಲ. ಪೆಟ್ಟಿಗೆಯನ್ನು ಗುಡ್ಡದ ಮೇಲಿನ ಕಲ್ಲುಕೋಣೆಯಲ್ಲಿಟ್ಟು, ಮಣ್ಣು ಮೆತ್ತಗಾದ ಮೇಲೆ ಹೂಳುವುದು ವಾಡಿಕೆ. ಆ ದಾರಿಯನ್ನು ರಸ್ ಬೆಳಿಗ್ಗೆಯೇ ತೆಗೆದಿದ್ದ. ಆದರೆ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಗಾಳಿ ಎದ್ದು ಅರ್ಧ ದಾರಿ ಮತ್ತೆ ಮುಚ್ಚಿತ್ತು. ಹೊತ್ತವರು ಮೊಣಕಾಲವರೆಗೆ ಹೂತುಕೊಂಡು ನಿಂತರು. ರಸ್ ಮತ್ತೆ ಯಂತ್ರ ಹೊಡೆದ.

ಕಲ್ಲುಕೋಣೆಯ ಬಾಗಿಲಲ್ಲಿ ಪಾಸ್ಟರ್ ಪುಸ್ತಕ ತೆರೆದರೆ, ಕೆಳಗೆ ರಸ್ಸಿನ ಯಂತ್ರ ಗುಡುಗುತ್ತಿತ್ತು. ಶವಯಾತ್ರೆಯ ಉದ್ದನೆಯ ಕಾರು ಮೇಲೆ ತಿರುಗಿಸಲು ಜಾಗ ಬೇಕಿತ್ತು, ಅವನು ನಿಲ್ಲಿಸುವಂತಿರಲಿಲ್ಲ. ಪಾಸ್ಟರರ ತುಟಿಗಳು ಆಡುತ್ತಿದ್ದವು. ಯಾರಿಗೂ ಏನೂ ಕೇಳಿಸಲಿಲ್ಲ. ಎಲ್ಲರೂ ಅಂದಾಜಿನ ಮೇಲೆ ಆಮೆನ್ ಎಂದರು. ಕೆಲವರು ಮುಂಚೆ, ಕೆಲವರು ತಡವಾಗಿ.

"ನೆನಪಿದ್ಯಾ?" ಹಿಂದೆ ಯಾರೋ ಹೆಂಗಸು ಪಕ್ಕದವಳ ಕಿವಿಯಲ್ಲಿ ಕೂಗಿ ಹೇಳುತ್ತಿದ್ದಳು. "ನಮ್ಮಮ್ಮನ್ನ ಇಲ್ಲಿಗೆ ತಂದ ದಿನ ಹೋಬರ್ಟ್ ನಮ್ಮ ಹಿಂದೇನೇ ಹಿಮ ತೆಗೀತಿದ್ದ. ನಾವು ತಿರುಗಿ ನೋಡಿದಾಗಲೇ ಗೊತ್ತಾಗಿದ್ದು. ದೆವ್ವದ ಹಾಗೆ!"

*

ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹಂದಿ ಮಾಂಸದ ತೆಳು ಹೋಳು, ಹಾಲಿನಲ್ಲಿ ಬೇಯಿಸಿದ ಆಲೂಗಡ್ಡೆ, ಬನ್ನು, ಅಲುಗುವ ಹಸಿರು ಜೆಲ್ಲಿ. ಒದ್ದೆ ಬೂಟುಗಳೆಲ್ಲ ಬಾಗಿಲ ಬಳಿ ಸಾಲಾಗಿ ನಿಂತು ನೀರು ಬಿಡುತ್ತಿದ್ದವು. ಬೆಚ್ಚಗಾದ ಮೇಲೆ ಜನರಿಗೆ ಮಾತು ಬಂತು.

"ಒಂದನೇ ಕ್ಲಾಸಿಂದ ಕೊನೇವರೆಗೂ ಅವರ ಬಸ್ಸಲ್ಲೇ ಹೋದೋನು ನಾನು" ಎಂದ ಒಬ್ಬ ಬೋಳುತಲೆಯವನು, ಅರ್ಲೀನಳ ಕೈ ಕುಲುಕುತ್ತ. "ಕೂತ್ಕೋ ಅನ್ನೋದು ಬಿಟ್ರೆ ಬೇರೆ ಮಾತು ಕೇಳಿಲ್ಲ."

"ನನಗೆ ಅದೂ ಹೇಳ್ತಿರಲಿಲ್ಲ" ಎಂದಳು ಅರ್ಲೀನ್.

ನಗು ಎದ್ದಿತು. ಅವಳೂ ನಕ್ಕಳು. ಮುಖದ ಚರ್ಮ ನೋಯುವಷ್ಟು ದಣಿದಿತ್ತು.

ಅವಳೆದುರು ಒಬ್ಬ ಮುದುಕ ವಾಕರ್ ಊರಿಕೊಂಡು ಬಂದು, ನಿಧಾನವಾಗಿ ಕುರ್ಚಿಗೆ ಇಳಿದ. ಗುರುತು ಹತ್ತಲಿಲ್ಲ.

"ನಿನಗೆ ನಾನು ಗೊತ್ತಿಲ್ಲಮ್ಮ. ಎಮರಿ ಶುಲ್ಟ್ಸ್, ಕೆರೆ ಆಚೆಯೋನು. ಆ ಬ್ಯಾಟರಿ ಗಾಡಿ ನಿನ್ನ ಗಂಡನಿಗೆ ಮಾರಿದ್ದು ನಾನು."

"ಹೋ, ನೀವೇನಾ?" ಎಂದಳು ಅವಳು. "ನಿಮ್ಮನ್ನ ಬೈದಿದ್ದಕ್ಕೆ ಲೆಕ್ಕ ಇಲ್ಲ."

ಎಮರಿ ಗಂಟಲೊಳಗೇ ನಕ್ಕ. "ಬೈಸ್ಕೊಳ್ಳೋ ಹಂಗೇ ಇತ್ತು ಬಿಡು. ಆದ್ರೆ ಆವತ್ತಿನ ಕತೆ ಅವನು ನಿನಗೆ ಹೇಳಿರಬೇಕಲ್ಲ?"

"ಅವನು ಕತೆ ಹೇಳೋನಾ?"

"ಹಂಗಾದ್ರೆ ಕೇಳು." ರಸ್ ಕಾಫಿ ಲೋಟ ಹಿಡಿದು ಹತ್ತಿರ ಬಂದ. ಮುದುಕನಿಗೆ ಹುರುಪು ಬಂತು. ಇದನ್ನು ಬಹಳ ಸಲ, ಬಹಳ ಜನಕ್ಕೆ ಹೇಳಿ ಪಳಗಿದ್ದವನು. "ಜಾಹೀರಾತು ನೋಡಿ ಬಂದ. ಬೇರೆಯವರು ಏನ್ ಕೇಳ್ತಾರೆ? ಬ್ಯಾಟರಿ ಯಾವ ಕಾಲದ್ದು, ಟೈರು ಸವೆದಿದ್ಯಾ, ಹಿಮ ತಳ್ಳೋ ತಾಕತ್ತಿದ್ಯಾ. ಈ ಮನುಷ್ಯ ಒಂದೂ ಕೇಳಲಿಲ್ಲ. ಸುತ್ತ ಒಂದ್ಸಲ ನಡೆದ. ಆಮೇಲೆ ಏನ್ ಕೇಳ್ದ ಗೊತ್ತಾ? ನೀವು ಮಲಗೋ ಕೋಣೆ ಯಾವ ಕಡೆ ಅಂತ!"

ರಸ್ ಲೋಟದೊಳಗೆ ಪುಸಕ್ಕನೆ ನಕ್ಕ.

"ನನ್ನ ಹೆಂಡತಿ ಎಡ್ನಾ ನನ್ನ ಮುಖ ನೋಡಿದ್ಲು, ನಾನು ಎಡ್ನಾ ಮುಖ ನೋಡ್ದೆ. ಯಾಕಪ್ಪಾ ಅಂದೆ. ನಾನು ಒಳಗೆ ಹೋಗಿ ಮಲಗ್ತೀನಿ, ನೀವು ಕಿಟಕಿ ಕೆಳಗೆ ಹುಲ್ಲು ಕತ್ತರಿಸ್ಕೊಂಡು ಒಂದು ಸುತ್ತು ಹೋಗಿ ಅಂದ. ತಮಾಷೆ ಮಾಡ್ತಿದಾನೆ ಅಂದ್ಕೊಂಡೆ. ಬಾಗಿಲ ಹತ್ರ ನೀಟಾಗಿ ಬೂಟು ಬಿಚ್ಚಿಟ್ಟ. ಹೋಗಿ ನಮ್ಮ ಹಾಸಿಗೆ ಮೇಲೆ, ಟೋಪಿ ಎದೆ ಮೇಲೆ ಇಟ್ಕೊಂಡು, ಥೇಟ್ ಹೆಣದ ಹಾಗೆ..." ಎಮರಿ ಅಲ್ಲಿಗೆ ತಡೆದ. "ತಪ್ಪಾಯ್ತಮ್ಮ."

"ಹೇಳಿ" ಎಂದಳು ಅರ್ಲೀನ್.

"ಒಂದು ಸುತ್ತು ಬಂದೆ. ಎರಡನೇ ಸುತ್ತಿಗೆ ನೋಡಿದ್ರೆ ಕಿಟಕಿ ಪರದೆ ಎಳೆದಿದ್ದ. ಆಮೇಲೆ, ಇನ್ನೂ ಹತ್ರ ಬನ್ನಿ, ಇನ್ನೂ ಹತ್ರ, ಅಂತ ಒಳಗಿಂದ ಕೂಗ್ತಾನೆ! ಎಡ್ನಾಳ ಹೂವಿನ ಗಿಡ ಒಂದು ಸಾಲು ಹೋಯ್ತು ನೋಡು. ಅವಳು ಸಾಯೋವರೆಗೂ ನನ್ನ ಕ್ಷಮಿಸಲಿಲ್ಲ. ಕೊನೆಗೆ ಎದ್ದು ಬಂದು ಬೂಟು ಹಾಕ್ಕೊಂಡ. ಏನಪ್ಪಾ, ಹೆಂಗಿದೆ ಅಂದೆ. ಇದಾದ್ರೆ ಮಲಗಬಹುದು ಅಂದ. ಅಷ್ಟೇ. ಗಾಡಿ ಹತ್ತಿಸ್ಕೊಂಡು ಹೋದ." ಎಮರಿ ಕಣ್ಣೊರೆಸಿಕೊಂಡ. "ಹುಲ್ಲು ಕತ್ತರಿಸ್ತಾ ಕತ್ತರಿಸ್ತಾ ನಿದ್ದೆ ಹೊಡೆಯೋ ಸೋಮಾರಿ ಇರಬೇಕು ಅಂತ ನಾನೂ ಎಡ್ನಾನೂ ಎಷ್ಟು ವರ್ಷ ನಕ್ಕಿದೀವೋ!"

ರಸ್ ಜೋರಾಗಿ ನಕ್ಕ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅರ್ಲೀನ್ ತಟ್ಟೆಯಲ್ಲಿದ್ದ ಜೆಲ್ಲಿಯನ್ನು ನೋಡುತ್ತಿದ್ದಳು. ಯಾರೋ ಮೇಜಿಗೆ ತಾಕಿದ್ದರಿಂದ ಅದು ಅಲುಗುತ್ತಿತ್ತು.

"ಎಡ್ನಾಳ ಪರದೆ ದಪ್ಪದ್ದಾ, ತೆಳುವಿಂದಾ?" ಎಂದು ಕೇಳಿದಳು.

"ಪರದೆನಾ?" ಮುದುಕ ತಬ್ಬಿಬ್ಬಾದ. "ತೆಳುವಿಂದು ಅನ್ಸುತ್ತೆ. ಯಾಕಮ್ಮ?"

"ನಮ್ಮದು ದಪ್ಪದ್ದು" ಎಂದಳು ಅವಳು. "ಅದಕ್ಕೇ ಕೇಳ್ದೆ."

*

ಆ ದಿನಗಳಲ್ಲಿ ಅವಳು ಮಧ್ಯಾಹ್ನ ಏಳುತ್ತಿದ್ದಳು. ಹಗಲನ್ನು ಹೊರಗೇ ತಡೆಯುವ ಆ ದಪ್ಪ ಪರದೆಯನ್ನು ಸರಿಸಿದರೆ, ಬೆಳಿಗ್ಗೆ ಉದ್ದುದ್ದವಾಗಿದ್ದ ಹುಲ್ಲು ಯಾರೋ ಅಂಗೈಯಿಂದ ಸವರಿದಂತೆ ಕೂತಿರುತ್ತಿತ್ತು. ಕಿಟಕಿಯ ಬುಡದವರೆಗೂ. ಕತ್ತರಿಸಿದ ಹುಲ್ಲಿನ ವಾಸನೆ ಕೋಣೆಯೊಳಗೆ ಬಂದಿರುತ್ತಿತ್ತು. ಚಳಿಗಾಲದಲ್ಲಾದರೆ ಕಾರಿನ ದಾರಿ ಕಪ್ಪಗೆ ತೆರೆದಿರುತ್ತಿತ್ತು, ಅವಳ ಕಾರಿನ ಗಾಜು ಒರೆಸಿರುತ್ತಿತ್ತು. ಅವಳು ಕಾಫಿ ಕುಡಿದು, ಊಟ ಕಟ್ಟಿಕೊಂಡು, ಮತ್ತೆ ಪಾಳಿಗೆ ಹೊರಡುತ್ತಿದ್ದಳು.

ಮತ್ತೆಂದೂ ಕಾರಿನಲ್ಲಿ ತೂಕಡಿಸಲಿಲ್ಲ. ರಾತ್ರಿ ಪಾಳಿ ಅಭ್ಯಾಸವಾಯಿತು ಎಂದುಕೊಂಡಿದ್ದಳು. ಜೊತೆಯ ಹೆಂಗಸರು, ಹಗಲು ಹೊತ್ತು ಹೆಂಗೆ ಮಲಗ್ತೀಯ ಅರ್ಲೀನ್, ನಮ್ಮ ಬೀದಿಯಲ್ಲಿ ಒಂದು ನಿಂತರೆ ಒಂದು ಯಂತ್ರ ಶುರು ಎಂದು ಗೋಳಾಡುವಾಗ, "ನನಗೆ ದೇವರು ಕೊಟ್ಟ ನಿದ್ದೆ" ಎಂದು ಜಂಬದಿಂದ ಹೇಳುತ್ತಿದ್ದಳು. ಆ ಪಾಳಿಯಲ್ಲೇ ನಿವೃತ್ತಿಯವರೆಗೂ ದುಡಿದಳು.

*

ಲಾಯ್ಡ್ ಬಂದಾಗ ಬೆಳಕು ಇಳಿದಿತ್ತು. ಟ್ರೇಲರ್ ಕಟ್ಟಿದ ಗಾಡಿಯಿಂದ ಇಳಿದು, ಉಣ್ಣೆ ಟೋಪಿ ಸರಿಮಾಡಿಕೊಂಡು, ಬಾಗಿಲು ತೆರೆದ ಅರ್ಲೀನಳ ಕಪ್ಪು ಉಡುಪು ನೋಡಿದ. ಹಿಂದೆ ಮೇಜಿನ ಮೇಲೆ ಹೂಗುಚ್ಛಗಳು. ಅವನ ಮುಖ ಇಳಿದುಹೋಯಿತು.

"ಯಜಮಾನ್ರು ಹೋಗ್ಬಿಟ್ರಾ? ಅದೂ ಇವತ್ತೇನಾ ಕಾರ್ಯ? ಅಯ್ಯೋ, ಫೋನಲ್ಲಿ ಹೇಳಲೇ ಇಲ್ವಲ್ಲ ನೀವು."

"ನೀವು ಕೇಳಲಿಲ್ಲ."

"ನಾನು ಇನ್ನೊಂದು ದಿನ ಬರ್ತೀನಿ ಮೇಡಂ. ಖಂಡಿತ ಬರ್ತೀನಿ."

"ನಾನೂ ಅದನ್ನೇ ಹೇಳಿದ್ದು" ಎಂದಳು ಗ್ವೆನ್ ಒಳಗಿನಿಂದ. "ಅಮ್ಮ, ಬೇಡ ಅನ್ಸಿದ್ರೆ ಮಾರೋದೇ ಬೇಡ. ಇರ್ಲಿ ಬಿಡು ಶೆಡ್ಡಲ್ಲಿ."

ಅರ್ಲೀನ್ ಬೂಟಿನೊಳಗೆ ಕಾಲು ತೂರಿಸಿ ಹೊರಟಳು. ಗಾಳಿ ನಿಂತಿತ್ತು. ಬೆಳಿಗ್ಗೆ ತೆಗೆದ ಜಾಗವೆಲ್ಲ ಮತ್ತೆ ತುಂಬಿತ್ತು, ಹತ್ತಿಯಂಥ ಹೊಸ ಹಿಮ. ಶೆಡ್ಡಿನಲ್ಲಿ ಲಾಯ್ಡ್ ಟ್ರ್ಯಾಕ್ಟರಿನ ಮೂತಿಯ ಮೇಲೆ ಕೈ ಆಡಿಸಿದ.

"ಎಷ್ಟು ಚೆನ್ನಾಗಿ ಇಟ್ಕೊಂಡಿದಾರೆ" ಎಂದ ಮೆಲ್ಲಗೆ. "ನನ್ನ ಹತ್ರ ಜಾಗ ಇದೆ. ಹುಲ್ಲಿಗೂ ಹಿಮಕ್ಕೂ ಇದನ್ನೇ ಬಳಸ್ತೀನಿ. ಬಿಚ್ಚಿ ಬಿಡಿಭಾಗ ಮಾರೋನಲ್ಲ ನಾನು. ಬ್ಯಾಟರಿಗೆ ಜೀವ ಇದ್ಯಾ?"

"ನೋಡಿ ನೀವೇ. ತಗೊಂಡ್ಹೋಗಿ, ನಿಮಗೆ ಅಂತ ಹೇಳಾಗಿದೆ. ಆದ್ರೆ ಮೊದಲು ಓಡಿಸಿ."

"ಓಡಿಸಿ ನೋಡ್ಲೇಬೇಕು."

"ಮನೆ ಸುತ್ತ ಓಡಿಸಿ. ಅಗೋ, ಆ ಮೂಲೆ ಕಿಟಕಿ ಇದ್ಯಲ್ಲ, ಅದರ ಕೆಳಗೆ. ಎಷ್ಟು ಹತ್ರ ಆಗತ್ತೋ ಅಷ್ಟು ಹತ್ರ."

ಲಾಯ್ಡ್ ಕಿಟಕಿ ನೋಡಿದ, ಅವಳನ್ನು ನೋಡಿದ. "ಎಷ್ಟು ಸುತ್ತು?"

"ನಾನು ಬಂದು ಸಾಕು ಅನ್ನೋವರೆಗೂ."

ಅವನು ಸೀಟಿನ ಮೇಲೆ ಕೂತ. ಅರ್ಲೀನ್ ಗೋಡೆಯ ಬಳಿ ಹೋಗಿ, ಪ್ಲಗ್ಗನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ವೈರನ್ನು ಹೋಬರ್ಟ್ ಸುತ್ತುತ್ತಿದ್ದ ಹಾಗೆ ಮೊಣಕೈಗೂ ಹೆಬ್ಬೆರಳಿಗೂ ಸುತ್ತಿ, ಗಂಟು ಹಾಕಿ, ಲಾಯ್ಡನ ತೊಡೆಯ ಮೇಲಿಟ್ಟಳು.

"ಚಳಿಗಾಲದಲ್ಲಿ ಇದನ್ನ ತೆಗೀಬೇಡಿ" ಎಂದಳು.

ಮನೆಯೊಳಗೆ ಬಂದು ಬೂಟು ಬಿಚ್ಚಿ ಬಾಗಿಲ ಬಳಿ ಜೋಡಿಸಿಟ್ಟಳು. "ಅಮ್ಮ, ಏನಾಯ್ತು?" ಎಂದ ಗ್ವೆನ್‌ಗೆ, "ಸ್ವಲ್ಪ ಮಲಗ್ತೀನಿ" ಎಂದಳು. ಕೋಣೆಯಲ್ಲಿ ದೀಪ ಹಾಕಲಿಲ್ಲ. ದಪ್ಪ ಪರದೆಯನ್ನು ಈ ಅಂಚಿನಿಂದ ಆ ಅಂಚಿನವರೆಗೆ ಎಳೆದು, ಉಡುಪು ಕೂಡ ಬದಲಿಸದೆ, ಹಾಸಿಗೆಯಲ್ಲಿ ತನ್ನ ಬದಿಗೆ ಅಂಗಾತ ಮಲಗಿದಳು.

ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್‌ಗುಟ್ಟಿ ನಿಂತಿತು. ಗ್ವೆನ್ ಯಾರದೋ ಮನೆಯ ಗಾಜಿನ ಪಾತ್ರೆ ತೊಳೆದು ಕವುಚಿಟ್ಟಳು. ಮೇಲೆಲ್ಲೋ ಸೂರಿನ ಹಿಮ ಜಾರಿ ಧೊಪ್ಪೆಂದು ಬಿತ್ತು. ಅರ್ಲೀನ್ ಕಿವಿಗೊಟ್ಟು ಕಾದಳು. ಅವನಿಗೆ ಹೊರಡಿಸಲು ಬರಲಿಲ್ಲವೇನೋ. ಬ್ಯಾಟರಿ ಸತ್ತಿರಬಹುದು. ಎದ್ದು ಹೋಗಿ ನೋಡಬೇಕು ಎಂದುಕೊಂಡಳು.

ಆಗ ಪರದೆಯ ಅಂಚಿನ ಸಂದಿಯಿಂದ ಮಂದ ಬೆಳಕೊಂದು ಒಳಗೆ ಬಂತು. ಗೋಡೆಯ ಮೇಲೆ ಮೆಲ್ಲಗೆ ಹರಿದು, ಕನ್ನಡಿ ಮುಂದಿದ್ದ ಹೋಬರ್ಟನ ಬಾಚಣಿಗೆಯನ್ನು ಮುಟ್ಟಿ, ಖಾಲಿ ಮಗ್ಗುಲಿನ ದಿಂಬನ್ನು ದಾಟಿ, ಮೂಲೆಯಲ್ಲಿ ಆರಿತು. ಅವಳು ಉಸಿರು ಹಿಡಿದಳು. ಸದ್ದೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಆ ಬೆಳಕು ಮತ್ತೆ ಬಂತು, ಈ ಸಲ ಇನ್ನೂ ಹತ್ತಿರದಿಂದ.